ಸದ್ದೇ ಮಾಡದ ಫ್ಯಾನು

ಇವತ್ತು ಬೆಳಗ್ಗೆ ಕಂಪ್ಯೂಟರ್ ಚಾಲೂ ಮಾಡಿದೊಡನೆ ಒಳಗಿನಿಂದ ಕರಕರ ಸದ್ದು ಬಂತು. ಒಣಕೊಬ್ಬರಿ ತುರಿಯುವಾಗ ಬರುತ್ತದಲ್ಲ, ಅಂಥದ್ದು. ಅಡುಗೆಮನೆಯಿಂದ ಹೆಂಡತಿ, "ರೀ, ಏನ್ರೀ ಅದು? ನಾನಂತೂ ಮಿಕ್ಸಿ ಹಾಕಿಲ್ಲ" ಎಂದಳು. ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಎಂದು ನನಗೆ ಕೂಡಲೇ ಗೊತ್ತಾಯಿತು. ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಆ ಕಾರ್ಡು ಕೆಲಸಕ್ಕೆ ಕೂತರೆ ದೋಸೆ ಕಾವಲಿಯಷ್ಟು ಬಿಸಿಯಾಗುತ್ತದೆ. ಅದನ್ನು ತಣ್ಣಗಿಡುವುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಫ್ಯಾನು. ಅದು ಕೆಟ್ಟರೆ ರಿಪೇರಿಯವನಿಗೆ ಫೋನ್ ಮಾಡಬೇಕು, ಅಷ್ಟೇ. ನಾನು ಮಾಡಲಿಲ್ಲ. ಮಂಜುವಿನ ನೆನಪಾಗಿ ಸುಮ್ಮನೆ ಕೂತುಬಿಟ್ಟೆ.

ಮಂಜು ಮೂಡಲಪಾಳ್ಯದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದವನು. ಮನೆಯ ಮೇಲಿನ, ಶೀಟು ಹೊದಿಸಿದ ಕೋಣೆಯೇ ಅವನ ಸ್ಟುಡಿಯೊ. ನಾನು ವಿಜಯನಗರದಲ್ಲಿ ಕೂತು, ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಆ ಮನೆ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವವನು. ನನ್ನ ಚಿತ್ರಗಳಲ್ಲಿ ಮನೆಯ ಮುಂದೆ ಯಾವಾಗಲೂ ಹುಲ್ಲುಹಾಸು, ಉದ್ದನೆಯ ಕಾರು. ಹೋಗಿ ನೋಡಿದರೆ ಮೋರಿ, ಟ್ರಾನ್ಸ್‌ಫಾರ್ಮರು. ಸುಳ್ಳು ಹೇಳಿ ಬದುಕುವವನು ನಾನು ಎಂದು ಮಂಜು ರೇಗಿಸುತ್ತಿದ್ದ. ಏನೇ ಆಗಲಿ, ಇಬ್ಬರ ಹೊಟ್ಟೆಪಾಡೂ ಆ ಕಾರ್ಡಿನ ಮೇಲೆ ನಿಂತಿತ್ತು.

ಈ ಕಾರ್ಡು ತಯಾರಿಸುವ ಕಂಪನಿಗಳ ನಡುವೆ ಹಾವು-ಮುಂಗುಸಿ ಜಗಳ. ಹೆಚ್ಚು ಮಾರಾಟವಾಗುವ ಕಂಪನಿಗೆ ನಾವು ದೊಡ್ಡ ಮನೆ ಎಂದೂ ಅದರ ಬೆನ್ನು ಹತ್ತಿದ್ದಕ್ಕೆ ಚಿಕ್ಕ ಮನೆ ಎಂದೂ ಹೆಸರಿಟ್ಟಿದ್ದೆವು. ಮಂಜು ದೊಡ್ಡ ಮನೆಯ ಕಡೆ, ನಾನು ಚಿಕ್ಕ ಮನೆಯ ಕಡೆ. ಒಮ್ಮೆ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಅವನು ಜೋರಾಗಿ, "ಆ ಚಿಕ್ಕ ಮನೆ ಸಹವಾಸ ಬಿಡೋ ಗುರು, ದೊಡ್ಡ ಮನೆಗೆ ಬಂದ್ಬಿಡು" ಎಂದ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಟ್ಟೆ ಎತ್ತಿಕೊಂಡು ಆಚೆ ಹೋದರು. ಆ ಕಂಪನಿಗಳು ನಮಗೊಂದು ಟೀ ಶರ್ಟನ್ನೂ ಕೊಟ್ಟಿರಲಿಲ್ಲ. ಆದರೂ ಹೊಸ ಕಾರ್ಡು ಬಂತೆಂದರೆ ನಮ್ಮ ಮನೆಯಲ್ಲೇ ನಾಮಕರಣ ಇದ್ದಂತೆ ಓಡಾಡುತ್ತಿದ್ದೆವು. ಒಂದು ಸಲ ಧೂಳು ತೆಗೆಯಲು ಇಬ್ಬರ ಕಾರ್ಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟೆವು. ಎರಡರ ಫ್ಯಾನಿನ ಮೇಲೂ ಒಂದೇ ಚೀಟಿ ಅಂಟಿತ್ತು, ನಾವು ಹೆಸರೇ ಕೇಳಿರದ ಯಾವುದೋ ಮೂರನೆಯ ಕಾರ್ಖಾನೆಯದು. ಇಬ್ಬರೂ ಪೆಚ್ಚಾಗಿ ಕಾರ್ಡುಗಳನ್ನು ವಾಪಸ್ ಸಿಕ್ಕಿಸಿದೆವು. ಆಮೇಲೆ ಜಗಳ ಮುಂದುವರಿಸಿದೆವು.

ಮಂಜುವಿನ ಕಿವಿಯ ವಿಷಯ ಹೇಳಬೇಕು. ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಕಿವಿಯಾನಿಸಿ, "ಬೇರಿಂಗ್ ಒಣಗಿದೆ ಕಣೋ, ಹೊಲಿಗೆ ಮೆಷಿನ್ ಎಣ್ಣೆ ಒಂದ್ ತೊಟ್ಟು ಬಿಡು" ಎನ್ನುತ್ತಿದ್ದ. ಬಿಟ್ಟರೆ ಸರಿಹೋಗುತ್ತಿತ್ತು. ತಾಳಿಯ ಗಂಟು ಬೀಳುವ ಗಳಿಗೆಗೇ ಗಟ್ಟಿಮೇಳ ಏರುವಂತೆ ಅವನು ಜೋಡಿಸಿದ್ದನ್ನು ನೋಡಿದರೆ, ಮದುವೆಗೆ ಹೋಗದವರಿಗೂ ಕಣ್ಣು ತುಂಬುತ್ತಿತ್ತು. ಊದುವವರು ಉಸಿರೆಳೆದುಕೊಂಡದ್ದೂ ಅವನಿಗೆ ಕೇಳುತ್ತಿತ್ತು. ನಾಗರಬಾವಿ, ಸುಂಕದಕಟ್ಟೆ ಕಡೆಯ ಫೋಟೋಗ್ರಾಫರುಗಳೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ಕಿವಿಯೇ ಅವನ ಅನ್ನ.

ಒಂದು ಮಧ್ಯಾಹ್ನ ಅವನಲ್ಲಿಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಫ್ಯಾನಿನ ಕಿರುಚಾಟ ಕೇಳಿಸಿತು. ಒಳಗೆ ಮಂಜು ಆರಾಮವಾಗಿ ಕೂತಿದ್ದ.

"ದೊಡ್ಡ ಮನೆ ಅಂದ್ರೆ ಇದು ನೋಡು ಗುರು. ಒಂಚೂರಾದ್ರೂ ಸದ್ದಿದೆಯಾ?" ಎಂದ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಂಪನಿಯ ಮಾನ ಉಳಿಸಲು ಹೀಗೂ ಸುಳ್ಳು ಹೇಳುತ್ತಾರೆಯೇ ಎಂದುಕೊಂಡೆ. ನಾನು ನಕ್ಕಿದ್ದು ನೋಡಿ ಅವನೂ ನಕ್ಕ. ಅಷ್ಟರಲ್ಲಿ ಅವನ ಹೆಂಡತಿ ಶಾರದಾ ಕಾಫಿ ಹಿಡಿದು ಬಾಗಿಲಿಗೆ ಬಂದು, ಅವನ ಬೆನ್ನಿಗೆ "ರೀ" ಎಂದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಆಗಲೂ ತಿರುಗಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಹೊರಡುವಾಗ ಶಾರದಾ ಗೇಟಿನವರೆಗೆ ಬಂದಳು. "ನಿಮಗೂ ಗೊತ್ತಾಯ್ತಲ್ಲ ಅಣ್ಣ. ಕಿವಿ ನರ ಹೋಗಿದೆಯಂತೆ, ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಇವ್ರು ಒಪ್ಕೊಳ್ತಾನೇ ಇಲ್ಲ. ಯಾರ್ಗೂ ಹೇಳ್ಬೇಡಿ, ಗೊತ್ತಾದ್ರೆ ಯಾರು ಕೆಲ್ಸ ಕೊಡ್ತಾರೆ?" ಎಂದಳು.

ನಾನು ಯಾರಿಗೂ ಹೇಳಲಿಲ್ಲ. ಕಿವಿಗೆ ಮೆಷಿನ್ ಹಾಕಿಸಿದರು. ಅದರಲ್ಲಿ ಮಾತಿನ ಬದಲು ಪಾತ್ರೆ ಬಿದ್ದ ಸದ್ದು ಬರುತ್ತದೆ ಎಂದು ಮಂಜು ತೆಗೆದಿಟ್ಟ. ಫ್ಯಾನು ಕೆಟ್ಟಿದೆ, ಬದಲಾಯಿಸು ಎಂದು ಅವನೆದುರು ನಿಂತು ಕೂಗಿ ಹೇಳಿದೆ. "ಹೊಟ್ಟೆಕಿಚ್ಚು ಕಣೋ ನಿಂಗೆ" ಎಂದು ನಕ್ಕುಬಿಟ್ಟ. ವರ್ಷಗಟ್ಟಲೆ ಅವನ ಕಾರ್ಡನ್ನು ಬೈಯುತ್ತಲೇ ಬಂದವನ ಮಾತನ್ನು ಅವನಾದರೂ ಯಾಕೆ ನಂಬಬೇಕು?

ಕೊನೆಗೆ ಒಂದು ಮದುವೆಯ ಕೆಲಸದ ನಡುವೆ ಆ ಫ್ಯಾನು ನಿಂತುಹೋಯಿತು. ಬೇರೆ ಯಾರೇ ಆಗಿದ್ದರೂ, ಅಷ್ಟು ದಿನದ ಕಿರುಚಾಟ ಇದ್ದಕ್ಕಿದ್ದಂತೆ ನಿಂತದ್ದಕ್ಕೆ ಬೆಚ್ಚಿ ಎದ್ದು ನೋಡುತ್ತಿದ್ದರು. ಮಂಜುವಿಗೆ ಏನೂ ಬದಲಾಗಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಕಾರ್ಡು ಸತ್ತಿತ್ತು. ಬೇರೆ ಕಾರ್ಡು ತಂದು ಆ ವಿಡಿಯೊ ಮುಗಿಸಿಕೊಟ್ಟ. ಅದರಲ್ಲಿ ತಾಳಿ ಕಟ್ಟುವಾಗ ಸದ್ದೇ ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ ಗಟ್ಟಿಮೇಳ ಮೊಳಗಿತು. ಹುಡುಗಿಯ ತಾಯಿ ಮನೆಗೆ ಬಂದರು. ಬೈದಿದ್ದರೆ ಅವನಿಗೆ ಕೇಳುತ್ತಿರಲಿಲ್ಲ. ಅವರು ಬೈಯದೆ ಅತ್ತರು, ಅದು ಕಾಣಿಸಿತು. ಮಂಜು ಅಂದೇ ಸ್ಟುಡಿಯೊದ ಬೋರ್ಡು ಇಳಿಸಿದ. ಈಗ ಶಾರದಾ ಅದೇ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ, ಅವನು ಹುಕ್ಕು ಹಾಕುತ್ತಾನೆ, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸುತ್ತಾನೆ. ಅದೇನು ಕೀಳು ಕೆಲಸವಲ್ಲ, ನನಗೆ ಗೊತ್ತು. ಆದರೂ ಆ ಬೆರಳುಗಳ ಕೆಲಸ ನೋಡಲು ನನ್ನಿಂದ ಆಗುವುದಿಲ್ಲ. ನೋಡಿದಾಗಲೆಲ್ಲ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತದೆ.

ಕಂಪ್ಯೂಟರಿನ ಮುಂದೆ ಹೀಗೆ ಕೂತಿದ್ದಾಗಲೇ ಅವನು ಬಂದ. ಈ ಕಡೆ ಯಾರಿಗೋ ಬಟ್ಟೆ ಕೊಡುವುದಿತ್ತಂತೆ. ಫ್ಯಾನು ಕರಕರ ಎನ್ನುತ್ತಲೇ ಇತ್ತು. ನಾನು ಅದರ ಮಾತೆತ್ತಲಿಲ್ಲ. ಕೂರಲು ಬಂದವನು ಆಸರೆಗೆಂದು ಕ್ಯಾಬಿನೆಟ್ಟಿನ ಮೇಲೆ ಅಂಗೈಯಿಟ್ಟ. ಇಟ್ಟವನು ಹಾಗೇ ನಿಂತ.

"ಬೇರಿಂಗ್ ಹೋಗಿದೆ ಕಣೋ," ಎಂದ. ಈಗೀಗ ಅವನ ದನಿ ಬೇಕಾದ್ದಕ್ಕಿಂತ ಜೋರು. "ಅದುರ್ತಾ ಇದೆ ನೋಡು. ಇವತ್ತೇ ಬದಲಾಯ್ಸು, ಇಲ್ಲಾಂದ್ರೆ ಕಾರ್ಡೇ ಹೋಗುತ್ತೆ. ಚಿಕ್ಕ ಮನೆ ಹಣೆಬರಹ ಇಷ್ಟೇ."

ಚಿಕ್ಕ ಮನೆ ಎಂಬ ಮಾತು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಎಂದಿನ ಬೈಗುಳ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನನ್ನ ಬಾಯಿಂದ ಕೇಳಬೇಕೆಂದು ಅವನು ಇಷ್ಟು ವರ್ಷ ಹಟ ಹಿಡಿದಿದ್ದ ಮಾತನ್ನು ಗಟ್ಟಿಯಾಗಿ ಹೇಳಿದೆ.

"ದೊಡ್ಡ ಮನೇದೇ ವಾಸಿ ಕಣೋ ಮಂಜು. ಒಪ್ಕೊಂಡೆ."

ಅವನು ನನ್ನ ತುಟಿಗಳನ್ನೇ ನೋಡಿದ. ಆಮೇಲೆ ಬೇಡವೆಂಬಂತೆ ಕೈಯಾಡಿಸಿದ.

"ಕಾಫಿ ಬೇಡ ಗುರು. ಈಗ್ತಾನೆ ಕುಡ್ಕೊಂಡ್ ಬಂದೆ."