ಒರೆಸಿದ ಮೇಲೂ ಅದೇ ಅಂಕಿ

ಕಳೆದ ವಾರ ನನ್ನ ಅಂಗಡಿಗೆ ರಿಪೇರಿಗೆ ಬಂದ, ನೀರು ಪರೀಕ್ಷಿಸುವ ಸೆನ್ಸರಿನ ಗಾಜನ್ನು ಯಾರೋ ಪಾತ್ರೆ ತಿಕ್ಕುವ ತಂತಿಯಿಂದ ಉಜ್ಜಿದ್ದರು. ಗಾಜಿನ ತುಂಬ ಗೀರು. ಅದನ್ನು ಕಂಡದ್ದೇ ಅಕ್ಕಾರ ಸಿಡುಕು ಮುಖ ನೆನಪಾಯಿತು...

ಪರೇಲಿನಲ್ಲಿ ನೀರು ಪರೀಕ್ಷಿಸುವ ಕಂಪನಿಯೊಂದರಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಧಾರವಾಡದ ಕಡೆಯವರು, ಎಲ್ಲರೂ ಅಕ್ಕಾರು ಎಂದೇ ಕರೆಯುತ್ತಿದ್ದೆವು. ಸೆನ್ಸರು ನೀರಿನೊಳಗೆ ಒಂದು ಬಗೆಯ ಬೆಳಕು ಬಿಡುತ್ತದೆ, ಕೊಳಚೆ ಸೇರಿದ್ದರೆ ಅದು ಬೇರೆ ಬಣ್ಣದಲ್ಲಿ ಹೊಳೆಯುತ್ತದೆ, ಆ ಹೊಳಪನ್ನೇ ಅಳೆಯುವುದು ಎಂದು ತಿಳಿಸಿಕೊಟ್ಟಿದ್ದರು. ಗಾಜಿಗೆ ಲೋಳೆ ಕಟ್ಟಿದರೆ ಅಂಕಿ ತಪ್ಪುತ್ತದೆ. ಹಾಗಾಗಿ ಸೋಪುನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ವಾರಕ್ಕೊಮ್ಮೆ ತಾವೇ ಒರೆಸುತ್ತಿದ್ದರು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ವಡಾಲದ ಒಂದು ಹೊಸ ಬಿಲ್ಡಿಂಗಿನ ನೆಲದಡಿಯ ಟ್ಯಾಂಕಿನಲ್ಲಿ ನಾವು ಕೂರಿಸಿದ್ದ ಸೆನ್ಸರು ಒಂದು ದಿನ ಅಂಕಿ ಏರಿಸತೊಡಗಿತು. ಅಲ್ಲಿನ ಮಕ್ಕಳಿಗೆ ಆಗಲೇ ವಾಂತಿ-ಭೇದಿ ಶುರುವಾಗಿತ್ತು. ಬಿಲ್ಡರ್ ನಮ್ಮ ಸಾಹೇಬರಿಗೆ ಫೋನ್ ಮಾಡಿದ. ಸಾಹೇಬರು ವಿಜಯಪುರದವರು. ಸೆನ್ಸರು ಕೊಳೆಯಾಗಿ ತಪ್ಪು ತೋರಿಸಿದೆ ಎಂದು ಬರೆದುಕೊಡಲು ಅಕ್ಕಾರಿಗೆ ಹೇಳಿದರು. ಅವರು ಒಪ್ಪಲಿಲ್ಲ. ಕಾಗದ ನನ್ನ ಮುಂದೆ ಬಂತು. ನಾನು ಸೇರಿ ನಾಲ್ಕು ತಿಂಗಳಾಗಿತ್ತಷ್ಟೇ... ಸಹಿ ಹಾಕಿಬಿಟ್ಟೆ.

ಅಕ್ಕಾರು ಬ್ಯಾಗು ಎತ್ತಿಕೊಂಡು ನೇರ ವಡಾಲಕ್ಕೆ ಹೊರಟರು. ನಾನೂ ಹಿಂದೆಯೇ ಹೋದೆ. ಬಿಲ್ಡಿಂಗಿನವರನ್ನೆಲ್ಲ ಟ್ಯಾಂಕಿನ ಬಳಿ ಕರೆಸಿ, ಅವರ ಕಣ್ಣೆದುರೇ ಗಾಜು ಒರೆಸಿದರು. ಮೊದಲು ಸೆನ್ಸರನ್ನು ಶುದ್ಧ ನೀರಿನ ಬಾಟಲಿಯಲ್ಲಿ ಇಳಿಸಿದರು. ಅಂಕಿ ಸೊನ್ನೆಯ ಹತ್ತಿರ ಬಂದು ನಿಂತಿತು. ಮತ್ತೆ ಟ್ಯಾಂಕಿಗೆ ಇಳಿಸಿದರು. ಮೊದಲಿನಷ್ಟೇ ಏರಿತು. ಈ ನೀರು ಕುಡಿಯಬೇಡಿ ಎಂದು ಜನರಿಗೆ ಮರಾಠಿಯಲ್ಲಿ ತಿಳಿಸಿ, ಅಷ್ಟರಲ್ಲಿ ಓಡಿಬಂದಿದ್ದ ಸಾಹೇಬರತ್ತ ತಿರುಗಿದರು. ದನಿ ಏರಿಸಲಿಲ್ಲ.

“ಸೆನ್ಸರ್ ಹೊಲಸಾಗಿಲ್ರಿ ಸಾಹೇಬ್ರ. ನೀರ ಹೊಲಸಾಗೇತಿ. ಬ್ಯಾರೆ ಬರಿಬೇಕಂದ್ರ, ಮದ್ಲ ನೀವ ಒಂದ್ ಗ್ಲಾಸ್ ಕುಡದ ತೋರಸ್ರಿ.”

ಸಾಹೇಬರು ಕುಡಿಯಲಿಲ್ಲ.

ನೆಲ ಅಗೆದಾಗ ಟ್ಯಾಂಕಿನ ಗೋಡೆಗೆ ತಾಗಿದಂತೆ ಒಡೆದ ಗಟಾರದ ಪೈಪು ಸಿಕ್ಕಿತು. ಆ ವಾರವೇ ಅಕ್ಕಾರ ಕೆಲಸ ಹೋಯಿತು. ಕ್ಷಮಾಪಣೆ ಬರೆದುಕೊಟ್ಟರೆ ಉಳಿಸಿಕೊಳ್ಳುತ್ತೇವೆ ಎಂದರಂತೆ. ಅವರು ಬರೆಯಲಿಲ್ಲ. ಬೈಕುಲ್ಲಾದಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ತೆರೆದರು. ತಿಂಗಳ ನಂತರ ನಾನೂ ರಾಜೀನಾಮೆ ಕೊಟ್ಟು ಅಲ್ಲಿಗೇ ಹೋದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ, “ಕೈ ತೊಳ್ಕೊಂಡ ಬಾ ತಮ್ಮಾ, ಕೆಲಸ ಐತಿ” ಎಂದುಬಿಟ್ಟರು.

ಅಕ್ಕಾರು ತೀರಿಹೋಗಿ ಎರಡು ವರ್ಷವಾಯಿತು. ಅಂಗಡಿ ಈಗ ನಾನೇ ನಡೆಸುತ್ತಿದ್ದೇನೆ. ಅಂದು ಅವರು ಕೇಳಿಸಿಕೊಳ್ಳದೇ ಹೋದ ಮಾತು ನನ್ನಲ್ಲೇ ಉಳಿದಿದೆ, ಹೇಳಿಕೊಳ್ಳಲು ಇನ್ನು ಯಾರೂ ಇಲ್ಲ... ಸೆನ್ಸರೇ ಕೆಟ್ಟಿದೆ ಎಂದು ತಮಗೆ ಬೇಕಾದಂತೆ ಬರೆಸಿಕೊಳ್ಳಲು ಬರುವವರು ಮಾತ್ರ ಇವತ್ತಿಗೂ ಇದ್ದಾರೆ. ಮೊನ್ನೆಯೂ ಒಬ್ಬರು ಬಂದಿದ್ದರು. ಕೂರಿಸಿ ಚಹಾ ಕೊಟ್ಟೆ.

ಬರೆದುಕೊಡಲಿಲ್ಲ.