ತುಕ್ರಪ್ಪನವರ ಕಿವಿಗೆ ಎಫ್‌ಸಿ

ಪರೀಕ್ಷೆಯ ಕೋಣೆಯಿಂದ ಹೊರಬಿದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕ್ಲಿನಿಕ್ಕಿನ ವರಾಂಡ ನನ್ನನ್ನು ಬಿಟ್ಟು ಎಡಕ್ಕೆ ಹೊರಟಿತು. ಬೀಳದಿರಲು ಏನಾದರೂ ಹಿಡಿಯಬೇಕಲ್ಲ, ಹಿಡಿದೆ. ಅದು ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರ ಪಂಚೆ. ನಾನು ನೆಲದಲ್ಲಿ ಕೂತಾಗ ಪಂಚೆ ನನ್ನ ಕೈಯಲ್ಲಿತ್ತು. ಅವರು ಖಾಕಿ ಚಡ್ಡಿಯಲ್ಲಿ, ಬೆಂಚಿನ ತುಂಬ ಕೂತಿದ್ದ ರೋಗಿಗಳ ಎದುರು, ಬಸ್ಸು ಕಾಯುವವರ ಹಾಗೆ ನಿಂತಿದ್ದರು.

“ಅವಸರ ಇಲ್ಲ ಮಾರಾಯ್ರೆ. ಸುಧಾರಿಸಿಕೊಂಡು ಕೊಡಿ” ಎಂದರು.

ಹೀಗೆ ನನಗೆ ಚಾರ್ಮಾಡಿಯ ತುಕ್ರಪ್ಪನವರ ಪರಿಚಯವಾಯಿತು.

ನನ್ನ ಕಾಯಿಲೆ ಸಣ್ಣದು. ಮಲಗಿ ಮಗ್ಗುಲಾದರೆ ಮನೆಯ ಮಾಡು ಗಿರಗಿರ ತಿರುಗುತ್ತಿತ್ತು. ಕಿವಿಯೊಳಗೆ ಮರಳಿನಂಥ ಹರಳುಗಳಿರುತ್ತವಂತೆ, ಅವು ಜಾಗ ತಪ್ಪಿವೆಯಂತೆ. “ಅಂತೂ ನಿಮ್ಮ ತಲೆಯೊಳಗೆ ಏನೋ ಉಂಟು ಅಂತ ಗೊತ್ತಾಯ್ತಲ್ಲ” ಎಂದು ನನ್ನ ಹೆಂಡತಿ ಸರಸ ಸಮಾಧಾನಪಟ್ಟಿದ್ದಳು. ಇಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಅತ್ತ ಇತ್ತ ವಾಲಿಸಿ, ಹರಳುಗಳನ್ನು ಮನೆಗೆ ಕಳುಹಿಸಿದ್ದರು. ಕೆಲವು ದಾರಿಯಲ್ಲೇ ಉಳಿದವೆಂದು ಕಾಣುತ್ತದೆ.

ಪರೀಕ್ಷೆಗೆ ಒಂಟಿಯಾಗಿ ಬರಬಾರದೆಂಬುದು ಅಲ್ಲಿನ ನಿಯಮ. ನಾನು ಒಂಟಿಯಾಗಿಯೇ ಬಂದಿದ್ದೆ. “ನಿಮ್ಮ ಜೊತೆ ಯಾರು ಬಂದದ್ದು?” ಎಂದು ನರ್ಸ್ ಗದರಿದಾಗ, ಪಂಚೆ ಬಿಗಿದುಕೊಳ್ಳುತ್ತಿದ್ದ ತುಕ್ರಪ್ಪನವರು “ನಾನು, ಇವರ ಭಾವ” ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ನನ್ನ ಸರದಿ ಬರುವಾಗ ನೀವೂ ಹಾಗೆಯೇ ಹೇಳಿ. ಮನೆಯಲ್ಲಿ ಯಾರಿಗೂ ಹೇಳದೆ ಬಂದಿದ್ದೇನೆ” ಎಂದರು.

ಕಾಯುತ್ತ ಕೂತಾಗ ತಮ್ಮ ಬದುಕನ್ನು ಹೇಳಿಕೊಂಡರು. ಕೆಂಪುಕಲ್ಲಿನ ಲಾರಿಯಲ್ಲಿ ಕ್ಲೀನರ್ ಆಗಿ ಶುರು. ಆಮೇಲೆ ಅದೇ ಲಾರಿಯ ಡ್ರೈವರ್. ಈಗ ಬಹಳ ವರ್ಷಗಳಿಂದ ಬಾಡಿಗೆಯ ಟೆಂಪೋ ಟ್ರಾವೆಲರ್. ಹೆಚ್ಚಾಗಿ ಚಾರ್ಮಾಡಿ ಘಾಟಿ ಹತ್ತುವ ಮದುವೆಯ ದಿಬ್ಬಣಗಳು. ಅವರಿಗೆ ಇದ್ದದ್ದು ಒಂದೇ ಹೆಮ್ಮೆ: ಅವರ ಗಾಡಿಯಲ್ಲಿ ಕೂತವರು ಯಾರೂ ಈವರೆಗೆ ವಾಂತಿ ಮಾಡಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸುವುದು, ಮೊಬೈಲು ನೋಡುವವರಿಗೆ ಕನ್ನಡಿಯಲ್ಲೇ ಬಯ್ಯುವುದು, ಹೊಟ್ಟೆ ತುಂಬ ಪಾಯಸ ಕುಡಿದ ಮುದುಕರನ್ನು ಮುಂದಿನ ಸೀಟಿಗೆ ಕರೆಯುವುದು, ಇದೆಲ್ಲ ಅವರ ವಿದ್ಯೆ. ಊರಿಗೆಲ್ಲ ತಲೆ ತಿರುಗದಂತೆ ನೋಡಿಕೊಂಡ ಮನುಷ್ಯನಿಗೆ ಎರಡು ತಿಂಗಳಿಂದ ಎಡಕಿವಿ ಗುಂಯ್ ಎನ್ನುತ್ತಿತ್ತು. ಅದರ ಹಿಂದೆಯೇ ಲೋಕ ತಿರುಗುತ್ತಿತ್ತು.

“ಗಾಡಿ ಓಡಿಸುವಾಗ?” ಎಂದೆ.

“ಈವರೆಗೆ ಇಲ್ಲ” ಎಂದರು. ಆ ‘ಈವರೆಗೆ’ ನನಗೆ ಹಿಡಿಸಲಿಲ್ಲ. “ಇವತ್ತು ಪಾಸಾದರೆ ಆಯ್ತು. ಭಾನುವಾರ ಮಡಂತ್ಯಾರಿನ ಒಂದು ದಿಬ್ಬಣ ಉಂಟು. ಸಮದಾಕನ ಗಾಡಿ.”

ಸಮದಾಕ ಅಂದರೆ ಗಾಡಿಯ ಯಜಮಾನರು. ಮಡಂತ್ಯಾರಿನ ಅಬ್ದುಲ್ ಸಮದ್ ಅವರ ಗಾಡಿಯನ್ನು ಭಾನುವಾರಕ್ಕೆ ಗೊತ್ತು ಮಾಡಿದವನು ನಾನೇ. ಮದುಮಗಳು ಸಾತ್ವಿಕಾ ನನ್ನ ಅಕ್ಕನ ಮಗಳು. ಸೋದರಮಾವನ ಪಾಲಿಗೆ ಬಂದ ಒಂದೇ ಕೆಲಸ ಅದು. ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಕರೆ ಬಂತು. ಭಾವನೆಂದು ನನ್ನನ್ನೂ ಒಳಗೆ ಬಿಟ್ಟರು.

ಪರೀಕ್ಷೆ ಮಾಡುವವಳು ವಿಸ್ಮಿತಾ ಎಂಬ ಹುಡುಗಿ. ತುಕ್ರಪ್ಪನವರನ್ನು ಮಲಗಿಸಿ, ಬೆಳಕು ನುಗ್ಗದ ದಪ್ಪ ಕನ್ನಡಕ ಹಾಕಿದಳು. ಅದರೊಳಗೆ ಕ್ಯಾಮೆರಾ. ಎದುರಿನ ಟಿವಿಯಲ್ಲಿ ಅವರ ಕಣ್ಣುಗಳು ತೆಂಗಿನಕಾಯಿಯಷ್ಟು ದೊಡ್ಡದಾಗಿ ಮೂಡಿದವು.

“ಕಿವಿಗೆ ಬಿಸಿನೀರು ಬಿಡುತ್ತೇನೆ” ಎಂದು ವಿಸ್ಮಿತಾ ನನಗೆ ವಿವರಿಸಿದಳು. “ಒಳಕಿವಿ ಸರಿ ಇದ್ದರೆ ತಲೆ ತಿರುಗುತ್ತದೆ, ಕಣ್ಣು ಒಂದು ಕಡೆಗೆ ಜಾರಿ ಜಾರಿ ಹಿಂದಕ್ಕೆ ಜಿಗಿಯುತ್ತದೆ. ತಿರುಗದಿದ್ದರೆ ಆ ಕಿವಿಯಲ್ಲಿ ತೊಂದರೆ. ಅಂಕಲ್, ನಿದ್ದೆ ಬರಬಾರದು. ನೀವು ಹೋಗುವ ದಾರಿಯ ಊರುಗಳ ಹೆಸರು ಹೇಳುತ್ತಾ ಇರಿ.”

ಬಲಕಿವಿಗೆ ನೀರು ಹೋಯಿತು. “ಬೆಳ್ತಂಗಡಿ. ಉಜಿರೆ. ಮುಂಡಾಜೆ. ಕಕ್ಕಿಂಜೆ. ಚಾರ್ಮಾಡಿ” ಎಂದು ತುಕ್ರಪ್ಪನವರು ಹೇಳಿದರು. ಕಣ್ಣು ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಡಕಿವಿಗೆ. ಮತ್ತೆ ಅದೇ ಊರುಗಳು. ಚಾರ್ಮಾಡಿಗೆ ಬಂದಾಗ ನಾಲಿಗೆ ತೊದಲಿ ನಿಂತಿತು. ಪರದೆಯ ಮೇಲಿನ ಎರಡು ಕಣ್ಣುಗಳು ಸುಮ್ಮನೆ ನಮ್ಮನ್ನೇ ನೋಡುತ್ತಿದ್ದವು.

ವಿಸ್ಮಿತಾ ಕನ್ನಡಕ ತೆಗೆದಳು. “ಅಂಕಲ್, ತಲೆ ತಿರುಗುವ ಮಾತ್ರೆ ನಿಲ್ಲಿಸಿದ್ದೀರಲ್ಲ?”

“ಇಲ್ಲ. ಬೆಳಿಗ್ಗೆ ಎರಡು ಜಾಸ್ತಿ ತೆಗೆದುಕೊಂಡೆ.”

“ನಿಲ್ಲಿಸಬೇಕೆಂದು ಹೇಳಿದ್ದೆನಲ್ಲ!”

“ಹಾಗಲ್ಲ ಮಗಾ” ಎಂದು ತುಕ್ರಪ್ಪನವರು ಎದ್ದು ಕೂತು ತಾಳ್ಮೆಯಿಂದ ತಿಳಿಸಿದರು. “ಗಾಡಿ ಓಡಬೇಕಾದರೆ ಆರ್‌ಟಿಒ ಆಫೀಸಿನ ಎಫ್‌ಸಿ ಬೇಕು, ಫಿಟ್‌ನೆಸ್ ಸರ್ಟಿಫಿಕೇಟು. ಎಫ್‌ಸಿಗೆ ಹೋಗುವ ದಿನ ನಾವು ಬೇರೆ ಗಾಡಿಯ ಒಳ್ಳೆ ಟೈರು ಹಾಕಿಕೊಂಡು ಹೋಗ್ತೇವೆ. ಪಾಸಾದ ಮೇಲೆ ನಮ್ಮ ಹಳತೇ ಹಾಕುವುದು. ಪರೀಕ್ಷೆಗೆ ಯಾರಾದರೂ ಸವೆದ ಟೈರಿನಲ್ಲಿ ಹೋಗ್ತಾರಾ?”

ಆ ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತ್ರೆಯ ಅಮಲಿನಲ್ಲಿ ಎರಡೂ ಕಿವಿಗಳು ಮಂಕಾಗಿದ್ದವು. ಯಾವುದು ಕೆಟ್ಟಿದೆ, ಎಷ್ಟು ಕೆಟ್ಟಿದೆ, ಏನೂ ಗೊತ್ತಾಗಲಿಲ್ಲ. “ಸೋಮವಾರ ಬನ್ನಿ. ಶನಿವಾರದಿಂದ ಒಂದು ಮಾತ್ರೆಯನ್ನೂ ಮುಟ್ಟಬಾರದು. ಅಲ್ಲಿಯವರೆಗೆ ಡ್ರೈವಿಂಗ್ ಬೇಡ” ಎಂದಳು.

ನಾನು ಲೆಕ್ಕದಲ್ಲಿ ಹಿಂದಾದರೂ ಇಷ್ಟು ಹೊಳೆಯಿತು. ಭಾನುವಾರ ತುಕ್ರಪ್ಪನವರ ಹೊಟ್ಟೆಯಲ್ಲಿ ಮಾತ್ರೆಯೂ ಇರುವುದಿಲ್ಲ.

ಹೊರಗೆ ಬಂದು ಅವರು ಜೇಬಿನಿಂದ ಕೀಲಿ ತೆಗೆದರು. “ಬನ್ನಿ ಭಾವ, ಗಾಡಿ ಉಂಟು. ವೇಣೂರು ಮಾರ್ಗದಲ್ಲಿ ಹೋಗುವ.”

ಬೇಡ ಎನ್ನಬೇಕಿತ್ತು. ಆದರೆ ಒಬ್ಬರ ಪಂಚೆ ಎಳೆದ ಮೇಲೆ ಅವರ ಗಾಡಿ ಹತ್ತುವುದಿಲ್ಲ ಎನ್ನುವುದು ಹೇಗೆ? ಮರ್ಯಾದೆಗೆ ಸಾಯುವ ಜಾತಿ ನನ್ನದು. ಹತ್ತಿ ಕೂತೆ.

ವೇಣೂರು ದಾಟುವವರೆಗೆ ಏನೂ ಆಗಲಿಲ್ಲ. ನಾನು ಭಾನುವಾರದ ದಿಬ್ಬಣ ನಮ್ಮದೇ ಎಂದು ಹೇಳಿದೆ. ಅವರು ವೇಗ ಸ್ವಲ್ಪ ಇಳಿಸಿದರು. ನೇರ ರಸ್ತೆ, ಎದುರಿನಿಂದ ಗಾಡಿಗಳಿಲ್ಲ. ತುಕ್ರಪ್ಪನವರು ಇದ್ದಕ್ಕಿದ್ದಂತೆ ಬದಿಗೆ ಸರಿಸಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ಎರಡೂ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದು, ಕಾಲಿನಿಂದ ಬ್ರೇಕ್ ಒತ್ತುತ್ತಲೇ ಇದ್ದರು. ಹಣೆಯ ತುಂಬ ಬೆವರು.

“ಗಾಡಿ ನಿಂತಿತಾ?” ಎಂದು ಕೇಳಿದರು.

“ನಿಂತಿದೆಯಲ್ಲ!”

“ಸರಿ ನೋಡಿ ಹೇಳಿ. ಹೊರಗೆ ಮರ ಹೋಗ್ತಾ ಉಂಟಾ?”

ನಾನು ಮರವನ್ನು ನೋಡಿದೆ. ನಂತರ ಅವರ ಕಣ್ಣುಗಳನ್ನು ನೋಡಿದೆ. ಟಿವಿಯಲ್ಲಿ ಕಾಣಿಸದೇ ಹೋದದ್ದು ಈಗ ಕಾಣುತ್ತಿತ್ತು. ಕಣ್ಣು ಒಂದು ಕಡೆಗೆ ಜಾರುತ್ತಿತ್ತು, ಜಿಗಿಯುತ್ತಿತ್ತು, ಮತ್ತೆ ಜಾರುತ್ತಿತ್ತು. ನಿಂತ ಗಾಡಿಯ ಬ್ರೇಕನ್ನು ಅವರು ಬಿಡಲೇ ಇಲ್ಲ. ನನಗೆ ಮದುಮಗಳ ಮುಖ, ಅಕ್ಕನ ಮುಖ, ಒಂದು ಬದಿಗೆ ಘಾಟಿಯ ಪ್ರಪಾತ, ಎಲ್ಲ ಒಟ್ಟಿಗೆ ಕಂಡವು.

ಬಹಳ ಹೊತ್ತಿನ ನಂತರ ಅವರ ಕಣ್ಣು ನಿಂತಿತು. “ಹೇಳಿದರೆ ಸಮದಾಕ ನನ್ನನ್ನು ಇನ್ನು ಗಾಡಿ ತೊಳೆಯಲಿಕ್ಕೆ ಇಡ್ತಾರೆ” ಎಂದರು. “ಆ ಸೀಟು ಬಿಟ್ಟರೆ ನಾನು ಯಾರು, ಹೇಳಿ.” ಆಮೇಲೆ ಅವರೇ ಫೋನು ತೆಗೆದು ಮಾತಾಡಿದರು. “ಸಮದಾಕ, ಭಾನುವಾರಕ್ಕೆ ಬೇರೆ ಜನ ನೋಡಿ. ನನ್ನ ಕಿವಿ ಹೋಗಿದೆ.” ಆ ಕಡೆಯಿಂದ ಬೈಗಳು ಬರಲಿಲ್ಲ. ಬಂದಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

ಭಾನುವಾರ ಬೆಳಿಗ್ಗೆ ಗಾಡಿ ಬಂತು. ಸ್ಟಿಯರಿಂಗಿನಲ್ಲಿ ಶೋಧನ್ ಎಂಬವ. ಕತಾರಿನಲ್ಲಿ ಹತ್ತು ವರ್ಷ ಟ್ರೇಲರ್ ಓಡಿಸಿ ಮೊನ್ನೆಯಷ್ಟೇ ಊರಿಗೆ ಬಂದವನು. ಅಲ್ಲಿ ರಸ್ತೆಗಳು ಗೀಟು ಹಾಕಿದಂತೆ ನೇರವೆಂದು ಅವನೇ ಖುಷಿಯಿಂದ ಹೇಳಿದ. ಎಡಬದಿಯ ಸೀಟಿನಲ್ಲಿ ತುಕ್ರಪ್ಪನವರು. ಜೊತೆಗಿರಲೆಂದು ಸಮದ್ ಅವರೇ ಕಳುಹಿಸಿದ್ದರು. ಮದುಮಗಳು, ಅಕ್ಕ, ಸರಸ, ಮಕ್ಕಳು ಮುದುಕರೆಲ್ಲ ಹಿಂದೆ ತುಂಬಿಕೊಂಡು ಹಾಡುತ್ತಿದ್ದರು.

ಚಾರ್ಮಾಡಿ ದಾಟಿದ್ದೇ ಮಂಜು ರಸ್ತೆಗೆ ಇಳಿಯಿತು. ಮುಂದಿನ ತಿರುವು ಕಾಣುತ್ತಿರಲಿಲ್ಲ. ಶೋಧನ್ ಒಂದು ಕೈಯಿಂದ ಕನ್ನಡಿ ಸರಿಮಾಡಿಕೊಳ್ಳುತ್ತ ಗೇರು ಬದಲಿಸದೆ ಏರಿಗೆ ಬಿಟ್ಟ. ಹಿಂದೆ ಹಾಡು ನಿಂತಿತು. ತುಕ್ರಪ್ಪನವರ ಬಲಗಾಲು, ಬ್ರೇಕಿಲ್ಲದ ಕಡೆ, ನೆಲವನ್ನು ಒತ್ತುವುದು ಕಂಡಿತು.

ನಾನು ಮುಂದಕ್ಕೆ ಬಾಗಿ, ಯಾರಿಗೂ ಕೇಳಿಸದಂತೆ ವಿಚಾರಿಸಿದೆ. “ಭಾವ, ಇವನಿಗೆ ಘಾಟಿ ಅಭ್ಯಾಸ ಉಂಟಲ್ಲ?”

ತುಕ್ರಪ್ಪನವರು ಎದುರಿನ ಮಂಜಿನಿಂದ ಕಣ್ಣು ತೆಗೆಯಲಿಲ್ಲ.

“ಇವತ್ತು ಅಭ್ಯಾಸ ಆಗ್ತದೆ.”