ಹಾಲು, ಮಾಸ್ಕ್ ಮತ್ತು ನನ್ನ ಬೀಗಿತ್ತಿ

ಮಿತ್ರರೇ, ಇಂದು ಕುಂದಾಪುರದ ಹೆರಿಗೆ ಆಸ್ಪತ್ರೆಯಲ್ಲಿ ನಡೆದದ್ದು. ಬಾಣಂತಿಯಾದ ನನ್ನ ಕಿರಿಯ ಮಗಳಿಗೆ ಹಂದಿಜ್ವರದ ಶಂಕೆ. "ಮಾಸ್ಕ್ ಕಟ್ಟಿಕೊಂಡು ಎದೆಹಾಲು ಕೊಡಲಿ" ಎಂದರು ವೈದ್ಯೆ. ಉಪ್ಪುಂದದ ಬೀಗಿತ್ತಿ ಮಗುವನ್ನು ಬಿಟ್ಟುಕೊಡಲಿಲ್ಲ.

"ಜ್ವರದ್ ಹಾಲ್ ಕುಡ್ಸುಕಾಗ. ಹಿಂಡಿ ತೆಂಗಿನ್ ಬುಡಕ್ ಹಾಕ್ಲಿ."

ಹಿರಿಯ ಮಗಳನ್ನು ಜ್ವರಕ್ಕೇ ಕಳೆದುಕೊಂಡವನು ನಾನು; ವೈದ್ಯರ ಮಾತಿಗೆ ಎದುರುಮಾತನ್ನು ಸಹಿಸಲಾರೆ. ಕಾಲೇಜಿನ ಚರ್ಚಾಸ್ಪರ್ಧೆಯ ಠೀವಿಯಲ್ಲಿ ಎದ್ದುನಿಂತು, "ಈ ಜ್ವರ ಹರಡುವುದು ಉಸಿರಿನಿಂದ, ಹಾಲಿನಿಂದಲ್ಲ" ಎಂದು ಸವಿಸ್ತಾರವಾಗಿ ವಾದಿಸಿದೆ. ಬೀಗಿತ್ತಿ ಕ್ಷಣಕಾಲ ಯೋಚಿಸಿ, ಮಗುವನ್ನು ತಾಯಿಯ ಮಡಿಲಲ್ಲಿಟ್ಟು ನನ್ನತ್ತ ತಿರುಗಿದರು.

"ಹ್ವಾಯ್, ಉಸ್ರಿಂದ ಬಪ್ದಾ? ಹಂಗಾರೆ ನಿಮ್ ಮಾಸ್ಕ್ ಎಂತಕೆ ಗಡ್ಡದಡಿ ಇತ್ತ್? ಹೊರ್ಗೆ ಹೋಯ್ ಕೂಕಣಿ."

ಮಗು ಹೊಟ್ಟೆತುಂಬ ಹಾಲು ಕುಡಿಯಿತಂತೆ. ವಾದ ಗೆದ್ದ ನಾನು ಸಂಜೆಯವರೆಗೂ ಆಸ್ಪತ್ರೆಯ ಜಗಲಿಯಲ್ಲಿದ್ದೆ.